ಮೈಸೂರಿನ ವಕೀಲ ಕಾರ್ಕ್‌ನಲ್ಲಿ ಜೂನಿಯರ್ ಆದದ್ದು

ಹೇಮಚಂದ್ರ ಮೈಸೂರಿನ ಕೋರ್ಟಿನಲ್ಲಿ ಒಂಬತ್ತು ವರ್ಷ ಸಿವಿಲ್ ವಕೀಲನಾಗಿದ್ದವನು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕಾರ್ಕ್ ನಗರದಲ್ಲಿ, ಮತ್ತೆ ಜೂನಿಯರ್ ಆಗಲು ಹೊರಟ. ಹೊರಟಿದ್ದೇನೋ ಸರಿ, ಜೂನಿಯರ್ ಆಗಿ ಸೇರಿಸಿಕೊಳ್ಳುವವರು ಮಾತ್ರ ಯಾರೂ ಸಿಗಲಿಲ್ಲ.

ಅವನ ಹೆಂಡತಿ ಚಿನ್ಮಯಿ ಡಾಕ್ಟರು. ಕಾರ್ಕ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವಳು ಮೊದಲು ಬಂದಳು. ಒಂದು ವರ್ಷದ ನಂತರ, ಇದ್ದಬದ್ದ ಕೇಸುಗಳನ್ನು ಗೆಳೆಯರಿಗೆ ಒಪ್ಪಿಸಿ, ಮೂರು ವರ್ಷದ ಮಗಳು ಇಂಚರಾಳನ್ನು ಎತ್ತಿಕೊಂಡು ಇವನೂ ಬಂದ. ಲಿಟಲ್ ಐಲ್ಯಾಂಡಿನ ಒಂದು ಔಷಧ ಕಂಪನಿಯಲ್ಲಿ ದಾಖಲೆಗಳನ್ನು ಜೋಡಿಸಿಡುವ ಕೆಲಸ ಸಿಕ್ಕಿತು. ಕೆಲಸ ಕಷ್ಟದ್ದಲ್ಲ, ಜನ ಒಳ್ಳೆಯವರು. ಆದರೆ ದಿನವಿಡೀ ಕಾಗದ ಮುಟ್ಟಿಯೂ ಒಂದು ವಾದವಿಲ್ಲ, ಒಬ್ಬ ಕಕ್ಷಿದಾರನಿಲ್ಲ. ಮನೆಗೆ ಬಂದು ಚಿನ್ಮಯಿಯ ಬಾಡಿಗೆ ಕರಾರನ್ನೇ ಎರಡೆರಡು ಸಲ ಓದಿ ತಪ್ಪು ಹುಡುಕುತ್ತಿದ್ದ.

"ಹೀಗೆ ಮನೆ ಮಾಲೀಕನ ಜೊತೆ ಜಗಳ ತೆಗೆಯೋ ಬದಲು ಇಲ್ಲೇ ಲಾ ಪರೀಕ್ಷೆ ಕಟ್ಟಬಾರದೇನ್ರೀ?" ಎಂದಳು ಅವಳು ಒಂದು ಭಾನುವಾರ.

ಕಟ್ಟಿದ. ಅಲ್ಲಿ ಸಾಲಿಸಿಟರ್ ಆಗಬೇಕಾದರೆ, ಎಂದರೆ ಕಚೇರಿ ಇಟ್ಟುಕೊಂಡು ಜನರ ಆಸ್ತಿ, ಉಯಿಲು, ಕರಾರುಗಳನ್ನು ನೋಡಿಕೊಳ್ಳುವ ವಕೀಲನಾಗಬೇಕಾದರೆ, ಮೊದಲು ಲಾ ಸೊಸೈಟಿ ಎಂಬ ಅವರ ಸಂಘ ನಡೆಸುವ ಎಂಟು ಪ್ರವೇಶ ಪರೀಕ್ಷೆ ಪಾಸಾಗಬೇಕು. ಆಮೇಲೆ ಒಂದು ಕಚೇರಿಯವರು ಟ್ರೈನಿಯಾಗಿ ಸೇರಿಸಿಕೊಂಡು ಎರಡು ವರ್ಷಕ್ಕೂ ಮೇಲ್ಪಟ್ಟು ಕೆಲಸ ಕಲಿಸಬೇಕು. ಎಂಟೂ ಪರೀಕ್ಷೆಗಳನ್ನು ಹೇಮಚಂದ್ರ ಎರಡೂವರೆ ವರ್ಷದಲ್ಲಿ, ಬಸ್ಸಿನಲ್ಲಿ ಓದಿ, ಇಂಚರಾಳ ಈಜು ಕ್ಲಾಸಿನ ಬೆಂಚಿನ ಮೇಲೆ ಕೂತು ಓದಿ ಮುಗಿಸಿದ. ಕೊನೆಯ ಫಲಿತಾಂಶ ಬಂದ ದಿನ ಚಿನ್ಮಯಿ ಕೇಸರಿಭಾತು ಮಾಡಿ ಪಕ್ಕದ ಮನೆಗಳಿಗೆಲ್ಲ ಹಂಚಿದಳು. ಗೆದ್ದೆವು ಎಂದೇ ಇಬ್ಬರೂ ಅಂದುಕೊಂಡರು.

ನಿಜವಾದ ಪರೀಕ್ಷೆ ಆಮೇಲೆ ಶುರುವಾಯಿತು. ಅರ್ಜಿ ಮೇಲೆ ಅರ್ಜಿ. ದೊಡ್ಡ ಕಚೇರಿಗಳೆಲ್ಲ ಕಾಲೇಜಿನಿಂದ ಆಗಷ್ಟೇ ಹೊರಬಿದ್ದವರನ್ನು ಎರಡು ವರ್ಷ ಮೊದಲೇ ಆರಿಸಿಟ್ಟುಕೊಳ್ಳುತ್ತವೆ ಎಂಬುದು ಅವನಿಗೆ ತಡವಾಗಿ ತಿಳಿಯಿತು. ಡಬ್ಲಿನ್‌ನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಒಂದೇ ಒಂದು ಇಂಟರ್‌ವ್ಯೂ ಸಿಕ್ಕಿತು. ಗಾಜಿನ ಕೋಣೆಯಲ್ಲಿ ಕೂತಿದ್ದ ಇಬ್ಬರು, ವಯಸ್ಸಿನಲ್ಲಿ ಇವನಿಗಿಂತ ಹತ್ತು ವರ್ಷ ಚಿಕ್ಕವರು, "ಐದು ವರ್ಷದ ನಂತರ ನೀವು ಎಲ್ಲಿರ್ತೀರಿ?" ಎಂದು ಕೇಳಿದರು. "ದೇವರ ದಯೆ ಇದ್ದರೆ ಕೋರ್ಟಿನಲ್ಲಿ" ಎಂದ. ಅವರು ನಕ್ಕು ಬರೆದುಕೊಂಡರು. ವಾರದ ನಂತರ ವಿಷಾದದ ಮೇಲ್ ಬಂತು. ಅಂಥ ಮೇಲ್‌ಗಳು ಐವತ್ತರ ಗಡಿ ದಾಟಿದ ಮೇಲೆ ಅವನು ಎಣಿಸುವುದನ್ನು ಬಿಟ್ಟ.

ಅಷ್ಟರಲ್ಲಿ, ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, ಕಾರ್ಕ್ ನಗರದ ಒಂದು ಸಣ್ಣ ಕಚೇರಿಯವರು ಕರೆದು ಮಾತಾಡಿಸಿ, ಏಪ್ರಿಲ್ ಮೊದಲ ವಾರ ಬನ್ನಿ ಎಂದರು. ಹೇಮಚಂದ್ರ ಕುಣಿದಾಡಿಬಿಟ್ಟ. ಲಿಟಲ್ ಐಲ್ಯಾಂಡಿನ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಹೊಸ ಸೂಟು ಹೊಲಿಸಿದ. ಮಾರ್ಚಿನಲ್ಲಿ ಕೋವಿಡ್ ಬಂತು, ಶಾಲೆ ಮುಚ್ಚಿತು, ಊರು ಮುಚ್ಚಿತು. ಸೂಟು ಮನೆಗೆ ಬಂದ ಮರುದಿನ ಮೇಲ್ ಬಂತು: ಈ ಪರಿಸ್ಥಿತಿಯಲ್ಲಿ ಯಾರನ್ನೂ ಸೇರಿಸಿಕೊಳ್ಳಲಾಗುತ್ತಿಲ್ಲ, ಕ್ಷಮಿಸಿ.

ಅವತ್ತು ಅವನು ಸೂಟನ್ನು ಕವರಿನಿಂದ ತೆಗೆಯದೆ ಹಾಗೇ ಬೀರುವಿಗೆ ತೂಗುಹಾಕಿದ. ಚಿನ್ಮಯಿ ಕೋವಿಡ್ ವಾರ್ಡಿಗೆ ಹೋಗುತ್ತಿದ್ದ ದಿನಗಳವು. ಬಂದವಳು ಬಟ್ಟೆ ಬದಲಿಸಿ, ಸ್ನಾನ ಮಾಡಿ, ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಅವನ ಮುಖ ನೋಡಿದಳು.

"ಸೂಟು ಎಲ್ಲೂ ಓಡಿಹೋಗಲ್ಲ ಬಿಡಿ," ಎಂದಳು. "ಮನೇಲಿ ಕೂತು ಕೊರಗಬೇಡಿ, ಏನಾದ್ರೂ ಮಾಡಿ. ನಮ್ಮ ಫಾರ್ಮಸಿಯವರಿಗೆ ಮಾತ್ರೆ ತಲುಪಿಸೋಕೆ ಜನ ಬೇಕಂತೆ."

ಎಪ್ಪತ್ತು ದಾಟಿದವರು ಮನೆಯಿಂದ ಹೊರಬರಬಾರದು ಎಂದು ಸರ್ಕಾರ ಹೇಳಿತ್ತು. ಅವರ ಔಷಧಿ, ಹಾಲು, ಬ್ರೆಡ್ಡು ತಲುಪಿಸಲು ಗ್ಲ್ಯಾನ್‌ಮೈರ್‌ನಲ್ಲಿ, ಅವರಿದ್ದ ಬಡಾವಣೆಯಲ್ಲಿ, ಸ್ವಯಂಸೇವಕರ ಒಂದು ಗುಂಪಾಗಿತ್ತು. ಹೇಮಚಂದ್ರ ಸೇರಿಕೊಂಡ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆ ಮನೆ ತಿರುಗುವುದು, ಚೀಲ ಬಾಗಿಲ ಬಳಿ ಇಡುವುದು, ಗಂಟೆ ಒತ್ತಿ ಹಿಂದೆ ಸರಿಯುವುದು. ಚೀಲದ ಮೇಲಿನ ಚೀಟಿ ನೋಡದೆ ಅವನು ಯಾವ ಚೀಲವನ್ನೂ ಇಡುತ್ತಿರಲಿಲ್ಲ. ಮೈಸೂರಿನಲ್ಲಿ ಅವನ ಸೀನಿಯರ್ ಆಗಿದ್ದ ಚನ್ನಬಸಪ್ಪನವರು ಹಚ್ಚಿದ ರೋಗ ಅದು. ಯಾವ ಪತ್ರ ತಂದರೂ ಅವರ ಮೊದಲ ಪ್ರಶ್ನೆ, "ಉರುಫ್ ನೋಡಿದ್ಯೇನಪ್ಪಾ?" ಪುಟ್ಟತಾಯಮ್ಮ ಉರುಫ್ ಜಯಮ್ಮ, ಸಿದ್ದಪ್ಪ ಉರುಫ್ ಮೇಷ್ಟ್ರು ಸಿದ್ದಣ್ಣ. ಊರವರು ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ. ಐರ್ಲೆಂಡಿನಲ್ಲೂ ಅದೇ ಕಥೆ ಎಂದು ಅವನಿಗೆ ವಾರದೊಳಗೆ ಗೊತ್ತಾಯಿತು. ಬಡಾವಣೆಯವರೆಲ್ಲ ನೋನಿ ಎಂದು ಕರೆಯುವ ಹೆಂಗಸಿನ ಔಷಧಿ ಚೀಟಿಯ ಮೇಲೆ ಹೊನೋರಾ ಎಂದಿರುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಅವನು ಮಿಸೆಸ್ ಟೂಮಿಯ ಮನೆಗೆ ಹೋದ. ಎಂಬತ್ತನಾಲ್ಕರ ಒಂಟಿ ಮುದುಕಿ, ಕಿವಿ ಮಂದ, ಮಾತು ಜೋರು. ಅಂದು ಅವಳ ಅಂಗಳದಲ್ಲಿ ಇಬ್ಬರು ಗಂಡಸರಿದ್ದರು. ಒಬ್ಬ ಡೆನಿಸ್, ಪಕ್ಕದ ಮನೆಯವನು, ನೋನಿಯ ಗಂಡ. ಇನ್ನೊಬ್ಬರು ಎತ್ತರದ, ಬಿಳಿಗೂದಲಿನ ಮುದುಕರು. ಸೂಟು, ಟೈ, ಕೈಗೆ ನೀಲಿ ಗ್ಲೌಸು. ಮುದುಕಿ ಕಿಟಕಿಯ ಒಳಗಡೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಿಟಕಿ ತೆರೆದಿತ್ತು, ಅಂಚಿನ ಮೇಲೆ ಕಾಗದಗಳಿದ್ದವು.

"ಒಂದ್ನಿಮಿಷ ಅಲ್ಲೇ ನಿಂತ್ಕೊಳ್ಳಿ," ಎಂದರು ಬಿಳಿಗೂದಲಿನವರು. "ನಾನು ಫಿನ್‌ಬಾರ್ ಕಾಫ್ಲನ್, ಇವರ ಸಾಲಿಸಿಟರ್. ಒಂದು ಸಹಿಯ ಕೆಲಸ ಇದೆ."

ಹೇಮಚಂದ್ರನಿಗೆ ನೋಡಿದ ತಕ್ಷಣ ಗೊತ್ತಾಯಿತು: ಉಯಿಲು! ನಾಲ್ಕು ವರ್ಷದ ಮೇಲೆ ಕಣ್ಣೆದುರು ಒಂದು ನಿಜವಾದ ಉಯಿಲಿಗೆ ಸಹಿ ಬೀಳುತ್ತಿದೆ. ಕೋವಿಡ್ ಬಂದ ಮೇಲೆ ಸಾಲಿಸಿಟರುಗಳು ಹೀಗೆ ಕಿಟಕಿಯಾಚೆಯಿಂದ ಸಹಿ ಹಾಕಿಸುತ್ತಿದ್ದಾರೆ ಎಂದು ಅವನು ಓದಿದ್ದ. ಸಾಕ್ಷಿಗಳಿಬ್ಬರಿಗೂ ಸಹಿ ಹಾಕುವವರು ಕಣ್ಣಿಗೆ ಕಾಣಬೇಕು, ಅಷ್ಟೆ. ಅವನು ಮಗಳ ಕೈ ಹಿಡಿದು ಗೇಟಿನ ಬಳಿ ನಿಂತ. ಸಾಕ್ಷಿಯಾಗಿ ಒಬ್ಬರು ಫಿನ್‌ಬಾರ್, ಇನ್ನೊಬ್ಬ ಡೆನಿಸ್ ಎಂದು ಅರ್ಥವಾಯಿತು. ಡೆನಿಸ್ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ.

ಕಾಗದದಲ್ಲಿ ಏನಿದೆ ಎಂದು ಸಾಕ್ಷಿಗಳಿಗೆ ಹೇಳಬೇಕಾದ್ದಿಲ್ಲ. ಫಿನ್‌ಬಾರ್ ಹೇಳಲೂ ಇಲ್ಲ. ಹೇಳಿದವಳು ಮಿಸೆಸ್ ಟೂಮಿ. "ಪಿಯಾನೊ ಹೊನೋರಾಗೆ ಅಂತ ಬರೆದಿದ್ದೀಯಾ ತಾನೇ, ಫಿನ್‌ಬಾರ್?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಬರೆದಿದ್ದೀನಿ, ಬರೆದಿದ್ದೀನಿ," ಎಂದರು ಅವರು ಮುಜುಗರದಿಂದ. ಡೆನಿಸ್ ಬಾಗಿಲ ಬಳಿಯ ಗುಲಾಬಿ ನೋಡುತ್ತ ನಿಂತಿದ್ದ. ಅವನ ಕಿವಿಗೆ ಆ ಹೆಸರು ನಾಟಲೇ ಇಲ್ಲ. ಮದುವೆಯಾದ ದಿನದಿಂದ ಅವನು ಹೆಂಡತಿಯನ್ನು ನೋನಿ ಎಂದೇ ಕರೆದವನು.

ಹೇಮಚಂದ್ರನ ಕಿವಿಗೆ ನಾಟಿತು. ಉಯಿಲಿನಿಂದ ಏನಾದರೂ ಸಿಗುವವರ ಗಂಡನಾಗಲಿ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ, ಆ ಕೊಡುಗೆ ಈ ದೇಶದಲ್ಲಿ ಬಿದ್ದುಹೋಗುತ್ತದೆ. ಊರಿನಲ್ಲಿ ಹಿಂದೂಗಳ ಉಯಿಲಿಗೆ ಆ ಅಡ್ಡಿಯಿಲ್ಲ. ಹಾಗಾಗಿಯೇ ಪರೀಕ್ಷೆಗೆ ಓದುವಾಗ ಆ ನಿಯಮದ ಕೆಳಗೆ ಅವನು ಕೆಂಪು ಗೆರೆ ಎಳೆದಿದ್ದ. ಈಗ ಬಾಯಿ ಬಿಡಬೇಕೇ? ಮಾಸ್ಕು ಹಾಕಿಕೊಂಡು, ಹಾಲಿನ ಚೀಲ ಹಿಡಿದು, ಗೇಟಿನ ಬಳಿ ನಿಂತ ಪರದೇಶಿ. ಎದುರಿಗಿರುವವರು ನೋಡಿದರೆ ನಲವತ್ತು ವರ್ಷವಾದರೂ ಅನುಭವವಿರುವ ಸಾಲಿಸಿಟರು. ಡೆನಿಸ್ ಕಿಟಕಿಯತ್ತ ಹೆಜ್ಜೆ ಇಟ್ಟ.

"ಸರ್, ದಯವಿಟ್ಟು ನಿಲ್ಲಿಸಿ!" ಎಂದುಬಿಟ್ಟ ಹೇಮಚಂದ್ರ.

ಮೂವರೂ ತಿರುಗಿದರು. ಇಂಚರಾ ಅಪ್ಪನ ಪ್ಯಾಂಟು ಎಳೆದು, "ಡ್ಯಾಡ್, ವಾಟ್ ಆರ್ ಯೂ ಅಟ್?" ಎಂದು ಪಿಸುಗುಟ್ಟಿದಳು.

"ಕ್ಷಮಿಸಿ ಸರ್. ಹೊನೋರಾ ಅಂದ್ರೆ ನೋನಿ. ಇವರ ಹೆಂಡತಿ."

ಫಿನ್‌ಬಾರ್ ಕನ್ನಡಕ ಸರಿಪಡಿಸಿಕೊಂಡು ಡೆನಿಸ್‌ನ ಕಡೆ ತಿರುಗಿದರು. "ಹೌದಾ?"

"ದಾಖಲೆಯಲ್ಲಿ ಹಾಗೇ ಇರೋದು," ಎಂದ ಡೆನಿಸ್ ತಲೆ ಕೆರೆದುಕೊಂಡು. ಆಮೇಲೆ ವಿಷಯ ಹೊಳೆದು ಕಣ್ಣರಳಿಸಿದ. "ತಡೀರಿ, ಆ ಪಿಯಾನೊ ನಮಗಾ? ಅದನ್ನ ನಮ್ಮನೇಲಿ ಎಲ್ಲಿ ಇಡೋದು?"

"ಏನಂತೆ?" ಎಂದು ಒಳಗಿನಿಂದ ಮಿಸೆಸ್ ಟೂಮಿ ಕೂಗಿದಳು. ಫಿನ್‌ಬಾರ್ ಕಿಟಕಿಗೆ ಬಾಗಿ ಎಲ್ಲವನ್ನೂ ಜೋರಾಗಿ ಹೇಳಿದರು: ಫೋನಿನಲ್ಲಿ ಹೆಸರು ಬರೆದುಕೊಂಡೆ, ಕಳೆದ ವಾರ ಕೇಳಿದಾಗ ಆಕೆ ಗೆಳತಿ ಎಂದಿರಿ, ಪಕ್ಕದ ಮನೆಯವಳು ಎನ್ನಲಿಲ್ಲ. "ಪಕ್ಕದ ಮನೆಯವಳು ಗೆಳತಿ ಆಗಬಾರದಾ?" ಎಂದಳು ಮುದುಕಿ.

ಫಿನ್‌ಬಾರ್ ಹೇಮಚಂದ್ರನತ್ತ ಬಂದು ಎರಡು ಮೀಟರ್ ದೂರದಲ್ಲಿ ನಿಂತರು. "ಇದು ನಿಮಗೆ ಹೇಗೆ ಗೊತ್ತು?"

"ಎಂಟೂ ಪರೀಕ್ಷೆ ಪಾಸಾಗಿದೆ, ಸರ್. ಅದಕ್ಕೆ ಮೊದಲು ಮೈಸೂರಲ್ಲಿ ಒಂಬತ್ತು ವರ್ಷ ವಕೀಲ ಆಗಿದ್ದೆ."

"ಮತ್ತೆ ಹಾಲಿನ ಚೀಲ ಯಾಕೆ ಹೊರ್ತಿದ್ದೀರಿ?"

"ಟ್ರೈನಿಂಗ್ ಕೊಡೋರು ಸಿಕ್ಕಿಲ್ಲ, ಸರ್."

ಫಿನ್‌ಬಾರ್ ಹುಬ್ಬೇರಿಸಿದರು. "ನನ್ನ ಹತ್ತಿರ ಒಂಬತ್ತು ವರ್ಷದಿಂದ ಟ್ರೈನಿ ಇಲ್ಲ. ಕೊನೆಯವಳು ಕಲಿತು, ನನ್ನ ಎದುರಿನ ಕಟ್ಟಡದಲ್ಲೇ ಕಚೇರಿ ತೆರೆದಳು. ಇನ್ನು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ." ಆಮೇಲೆ ಪೆನ್ನು ಹೊರತೆಗೆಯುವಂತೆ ಕೈ ತೋರಿಸಿದರು. "ಸದ್ಯಕ್ಕೆ ಸಾಕ್ಷಿ ಆಗ್ತೀರಾ?"

"ನಿನಗೆ ನಾನು ಏನೂ ಬಿಟ್ಟಿಲ್ಲ ಮಗಾ, ಧೈರ್ಯವಾಗಿ ಹಾಕು!" ಎಂದು ಮಿಸೆಸ್ ಟೂಮಿ ಕೂಗಿದಳು.

ಅವಳು ಸಹಿ ಹಾಕಿದಳು. ಫಿನ್‌ಬಾರ್ ಹಾಕಿದರು. ಹೇಮಚಂದ್ರ ಸ್ಯಾನಿಟೈಸರ್‌ನಿಂದ ಕೈ ಒರೆಸಿಕೊಂಡು, ಕಿಟಕಿಯ ಅಂಚಿನ ಮೇಲೆ, ತನ್ನ ಪೂರ್ತಿ ಹೆಸರನ್ನು ಬಿಡಿಸಿ ಬರೆದ. ಉದ್ಯೋಗ ಎಂಬ ಜಾಗದಲ್ಲಿ ಏನು ಬರೆಯುವುದು ಎಂದು ಕ್ಷಣ ತಡೆದು, 'ವಕೀಲ, ಭಾರತ' ಎಂದು ತುಂಬಿದ.

ಫಿನ್‌ಬಾರ್ ಕಾರು ಹತ್ತಿ ಹೊರಟುಹೋದರು. ಹೇಮಚಂದ್ರ ಮನೆಗೆ ಬಂದು ಚಿನ್ಮಯಿಗೆ ನಿಂತಲ್ಲೇ ಎಲ್ಲವನ್ನೂ ಎರಡು ಸಲ ಹೇಳಿದ. ಡೆನಿಸ್‌ನ ಪೆನ್ನು, ಮುದುಕಿಯ ಕೂಗು, ತನ್ನ ಕೂಗು.

"ಅವರ ವಿಳಾಸ ತಗೊಂಡ್ರಾ?" ಎಂದಳು ಅವಳು.

"ಟ್ರೈನಿ ಬೇಡ ಅಂದ್ರಲ್ಲ."

"ಬೇಡ ಅಂದಿದ್ದು ಒಂಬತ್ತು ವರ್ಷದ ಹಿಂದಿನ ಮಾತು. ಇವತ್ತೇ ಬರೀರಿ. ಆ ಹಳೇ ಅರ್ಜಿಗೆ ಹೆಸರು ಬದಲಾಯಿಸಿ ಕಳಿಸಬೇಡಿ ಮತ್ತೆ. ನನ್ನ ಹತ್ರ ಈಗ ಮಾತಾಡಿದ್ರಲ್ಲ, ಹಂಗೆ ಬರೀರಿ."

ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಕಚೇರಿ ಹತ್ತಿರದ ಮಿಡಲ್ಟನ್ ಪಟ್ಟಣದಲ್ಲಿದೆ ಎಂದು ತಿಳಿಯಿತು. ಹೇಮಚಂದ್ರ ಒಂದೇ ಪುಟದ ಕಾಗದ ಬರೆದ. ಸಾಧನೆ, ಆಸಕ್ತಿ, ತಂಡದಲ್ಲಿ ದುಡಿಯುವ ಗುಣ ಎಂಬ ಯಾವ ಮಾತೂ ಅದರಲ್ಲಿರಲಿಲ್ಲ. 'ನಿಮ್ಮ ಕಡೆಯ ಹೊಲಗಳ ಗಡಿ ನನಗೆ ಗೊತ್ತಿಲ್ಲ. ಆದರೆ ಗಡಿಗಾಗಿ ಅಣ್ಣ ತಮ್ಮಂದಿರು ಹೇಗೆ ಜಗಳವಾಡುತ್ತಾರೆ ಎಂದು ಒಂಬತ್ತು ವರ್ಷ ನೋಡಿದ್ದೇನೆ. ಒಂದು ದಿನ ನಿಮ್ಮ ಜೊತೆ ಓಡಾಡಲು ಬಿಡಿ. ಆಮೇಲೂ ಬೇಡ ಅನ್ನಿಸಿದರೆ ನಾನು ಮತ್ತೆ ಬರೆಯುವುದಿಲ್ಲ' ಎಂದು ಬರೆದು, ಅಂಚೆಪೆಟ್ಟಿಗೆಗೆ ಹಾಕಿದ.

ಹತ್ತು ದಿನ ಉತ್ತರವಿಲ್ಲ. ಪೋಸ್ಟಿನವನ ವ್ಯಾನು ಕಂಡರೆ ಸಾಕು, ಇಂಚರಾ ಕಿಟಕಿಗೆ ಓಡಿ, "ನೋ ಲೆಟರ್, ಡ್ಯಾಡ್!" ಎಂದು ವರದಿ ಕೊಡುತ್ತಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ, ದೋಸೆ ಕಾವಲಿಯ ಮೇಲಿದ್ದಾಗ, ಫೋನು ಬಡಿದುಕೊಂಡಿತು.

"ಫಿನ್‌ಬಾರ್ ಕಾಫ್ಲನ್. ಗುರುವಾರ ಒಂಬತ್ತಕ್ಕೆ ಬರ್ತೀರಾ? ದಿನ ಪೂರ್ತಿ ಹೊರಗಡೆ ಕೆಲಸ."

ದೋಸೆ ಸೀದು ಹೋಯಿತು. ಯಾರೂ ಬೇಸರಿಸಲಿಲ್ಲ.

ಅಷ್ಟರಲ್ಲಿ ಜೂನ್ ಬಂದು, ಜಿಲ್ಲೆಯೊಳಗೆ ಓಡಾಡಲು ಅನುಮತಿ ಸಿಕ್ಕಿತ್ತು. ಗುರುವಾರ ಹೇಮಚಂದ್ರ ಹೊಸ ಸೂಟು ಹಾಕಿದ, ಹೊಳೆಯುವ ಬೂಟು ಹಾಕಿದ. ಫಿನ್‌ಬಾರ್ ತಮ್ಮ ಕಾರಿನಲ್ಲಿ ಮುಂದೆ, ಇವನು ತನ್ನ ಕಾರಿನಲ್ಲಿ ಹಿಂದೆ. ಮೊದಲು ಒಂದು ವೃದ್ಧಾಶ್ರಮ. ನೆಲಮಹಡಿಯ ಕಿಟಕಿಯ ಒಳಗೆ ಹಾಸಿಗೆಯ ಮೇಲಿದ್ದ ಹೆಂಗಸು ಸಹಿ ಹಾಕಿ, ಹೊರಗೆ ನಿಂತ ಇಬ್ಬರಿಗೂ ಕೈಬೀಸಿದಳು. ಅಲ್ಲಿ ಎಲ್ಲ ಸಲೀಸಾಯಿತು. ಎರಡನೆಯದು ಕಾನ್ ಎಂಬ ರೈತನ ಹಟ್ಟಿ. ಅಂಗಳದಲ್ಲಿ ಕಾರಿನ ಬಾನೆಟ್ಟೇ ಮೇಜು. ಫಿನ್‌ಬಾರ್ ಉಯಿಲಿನ ಹಾಳೆಗಳನ್ನು ಹರಡಿ, ಪಿನ್ನು ಹೊಡೆಯಲು ಇವನ ಕೈಗೆ ಕೊಡುವಷ್ಟರಲ್ಲಿ ಗಾಳಿ ಬೀಸಿತು. ಎರಡನೆಯ ಹಾಳೆ ಹಾರಿತು.

ಹೇಮಚಂದ್ರ ಹಿಂದೆ ಮುಂದೆ ನೋಡದೆ ಓಡಿದ. ಸಗಣಿಯ ಕೆಸರಿನಲ್ಲಿ ಹೊಸ ಬೂಟು ಹೂತಿತು, ಕಿತ್ತುಕೊಂಡು ಮತ್ತೆ ಓಡಿದ. ಆಟ ಎಂದುಕೊಂಡ ನಾಯಿ ಅವನ ಜೊತೆಗೇ ಓಡಿತು. ಹಾಳೆ ಗೇಟಿಗೆ ಬಡಿದು ನಿಂತಿತು, ನಾಯಿಗಿಂತ ಅರೆಗಳಿಗೆ ಮೊದಲು ಇವನ ಕೈಗೆ ಸಿಕ್ಕಿತು. ಎತ್ತಿ ಹಿಡಿದು ತೋರಿಸಿದ. ಕಾನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಾಳೆ ಒದ್ದೆಯಾಗಿರಲಿಲ್ಲ. ಸಹಿಗಳಾದವು. ಹೊರಡುವಾಗ ಕಾನ್ ಹೇಮಚಂದ್ರನತ್ತ ನೋಡಿ ಉದ್ದಕ್ಕೆ ಏನೋ ಕೇಳಿದ. ಒಂದಕ್ಷರ ತಿಳಿಯಲಿಲ್ಲ. ಹೇಮಚಂದ್ರ ನಗುತ್ತ ತಲೆ ಆಡಿಸಿ, ಅಲ್ಲಿಯವರು ಎಲ್ಲದಕ್ಕೂ ಸರಿ ಸರಿ ಎನ್ನುವಂತೆ, "ಗ್ರ್ಯಾಂಡ್, ಗ್ರ್ಯಾಂಡ್" ಎಂದ.

ಗೇಟಿನ ಹೊರಗೆ ಫಿನ್‌ಬಾರ್ ಕಾರು ನಿಲ್ಲಿಸಿ ಇಳಿದರು. "ಅವನು ಏನು ಕೇಳಿದ?"

ಹೇಮಚಂದ್ರನಿಗೆ ಸುಳ್ಳು ಹೇಳುವುದು ಸುಲಭವಿತ್ತು. "ಗೊತ್ತಾಗಲಿಲ್ಲ, ಸರ್."

"ಹಾಗಾದ್ರೆ ತಲೆ ಯಾಕೆ ಆಡಿಸ್ದಿರಿ? ನಾಳೆ ಅವನು, ನನ್ನ ವಕೀಲ ಒಪ್ಪಿದ್ದ ಅಂತಾನೆ. ಆಗ?"

ಇಡೀ ದಿನದ ಉತ್ಸಾಹ ಸೋರಿಹೋದಂತಾಯಿತು. ಮುಗಿಯಿತು, ಇದೂ ಕೈತಪ್ಪಿತು ಎಂದುಕೊಂಡ. ಆದರೆ ಚನ್ನಬಸಪ್ಪನವರ ಚೇಂಬರಿನಲ್ಲಿ ಬೈಸಿಕೊಂಡ ಜೂನಿಯರ್ ಅಲ್ಲವೇ ಅವನು. ಬೈಸಿಕೊಂಡ ಮೇಲೆ ಮಾಡಬೇಕಾದ್ದು ಏನೆಂದು ಗೊತ್ತಿತ್ತು. ತಿರುಗಿ, ಕೆಸರು ತುಳಿಯುತ್ತ ಹಟ್ಟಿಗೆ ಹೋದ.

"ಕಾನ್, ನೀವು ಕೇಳಿದ್ದು ನನಗೆ ಅರ್ಥ ಆಗಲಿಲ್ಲ. ಇನ್ನೊಂದು ಸಲ, ನಿಧಾನಕ್ಕೆ ಹೇಳ್ತೀರಾ?"

ಕಾನ್ ನಿಧಾನಕ್ಕೆ ಹೇಳಿದ. ಆಗಲೂ ಅರ್ಧವೇ ತಿಳಿಯಿತು. ಮೂರನೆಯ ಸಲಕ್ಕೆ ಪೂರ್ತಿ ತಿಳಿಯಿತು. ಹೇಮಚಂದ್ರ ಹೆಗಲ ಮೇಲೆ ಒಂದು ದೊಡ್ಡ ಮೂಟೆ ಹೊತ್ತು ಗೇಟಿಗೆ ಮರಳಿದ.

"ಒಂದು ಮೂಟೆ ಆಲೂಗಡ್ಡೆ ತಗೊಂಡು ಹೋಗ್ತೀಯಾ ಅಂತ ಕೇಳಿದ್ದಂತೆ, ಸರ್."

ಫಿನ್‌ಬಾರ್ ಮೊದಲ ಸಲ ನಕ್ಕರು. ಕಾರಿಗೆ ಒರಗಿ, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಮೊದಲನೇ ವರ್ಷ ಅವನ ಮಾತು ನನಗೂ ಅರ್ಥ ಆಗ್ತಿರಲಿಲ್ಲ," ಎಂದರು. "ನಾನು ಪಕ್ಕದ ಜಿಲ್ಲೆಯವನು."

ಮೂರನೆಯ ಉಯಿಲೂ ಮುಗಿಯುವಾಗ ಸಂಜೆ ನಾಲ್ಕು. ಮಿಡಲ್ಟನ್‌ನ ಕಚೇರಿಯೆದುರು ಅವರು ನಿಂತರು. ಬೀದಿಯಾಚೆ ಆ ಹಳೆಯ ಟ್ರೈನಿಯ ಬೋರ್ಡು ಕಾಣುತ್ತಿತ್ತು. ಫಿನ್‌ಬಾರ್ ಅದನ್ನು ಒಮ್ಮೆ ನೋಡಿ, ಇವನ ಬೂಟುಗಳನ್ನು ನೋಡಿದರು.

"ನನಗೆ ಅರವತ್ತೇಳು. ಈ ರೋಗ ಬಂದ ಮೇಲೆ ನರ್ಸಿಂಗ್ ಹೋಮ್‌ಗಳಿಂದ ದಿನಾ ಫೋನು. ಒಬ್ಬನೇ ಸುತ್ತೋಕೆ ಆಗ್ತಿಲ್ಲ. ಸಂಬಳ ದೊಡ್ಡದಲ್ಲ, ಕೆಲಸ ದೊಡ್ಡದು. ತಿಳಿಯದೇ ಇದ್ದಾಗ ತಲೆ ಆಡಿಸಬಾರದು. ಲಾ ಸೊಸೈಟಿಗೆ ತುಂಬಿ ಕಳಿಸಬೇಕಾದ ಕಾಗದ ಸೋಮವಾರ ತರಿಸ್ತೀನಿ. ನಿನಗೆ ಒಪ್ಪಿಗೇನಾ?"

ನೀವು ಹೋಗಿ ನೀನು ಆದದ್ದು ಇಂಗ್ಲಿಷಿನಲ್ಲಿ ಕೇಳಿಸುವುದಿಲ್ಲ. ಆದರೂ ಹೇಮಚಂದ್ರನ ಕಿವಿಗೆ ಅದು ಹಾಗೇ ಕೇಳಿಸಿತು. ತಲೆ ಆಡಿಸಲು ಹೋದವನು ತಡೆದುಕೊಂಡ.

"ಪೂರ್ತಿ ಅರ್ಥ ಆಯ್ತು, ಸರ್. ಒಪ್ಪಿಗೆ."

ಮನೆಗೆ ಹೋಗುವ ತಾಳ್ಮೆ ಅವನಿಗಿರಲಿಲ್ಲ. ಇಂಚರಾ ಅಂದು ನೋನಿಯ ಮನೆಯ ತೋಟದಲ್ಲಿ ಆಡುತ್ತಿದ್ದಳು. ಅವಳನ್ನು ಕಾರಿಗೆ ಹತ್ತಿಸಿಕೊಂಡು ನೇರ ಆಸ್ಪತ್ರೆಗೆ ಹೊಡೆದ. ಐದೂವರೆಗೆ ಚಿನ್ಮಯಿ ಹೊರಬಂದಳು, ಮೂಗಿನ ಮೇಲೆ ಮಾಸ್ಕಿನ ಗೆರೆ, ಕಣ್ಣಿನಲ್ಲಿ ಆಯಾಸ. ಪಾರ್ಕಿಂಗಿನ ಈ ತುದಿಯಿಂದಲೇ ಅವನು ಕೂಗಿದ:

"ಚಿನ್ನೂ! ಸಿಕ್ತು ಕಣೇ!"

ಅವಳು ನಿಂತಳು. ಗಂಡನ ಮೊಣಕಾಲವರೆಗಿನ ಕೆಸರು ನೋಡಿದಳು. "ಏನ್ ಸಿಕ್ತು? ಎಲ್ಲಿ ಬಿದ್ರಿ?"

"ಟ್ರೈನಿಂಗ್! ಫಿನ್‌ಬಾರ್ ಒಪ್ಪಿದ್ರು!"

"ಅಂಡ್ ವೀ ಗಾಟ್ ಸ್ಪಡ್ಸ್!" ಎಂದು ಇಂಚರಾ ಆಲೂಗಡ್ಡೆ ಮೂಟೆ ತಟ್ಟಿ ಕಿರುಚಿದಳು.

ಸ್ನಾನ ಮಾಡದೆ ಯಾರನ್ನೂ ಮುಟ್ಟಬಾರದೆಂಬುದು ಚಿನ್ಮಯಿ ತಾನೇ ಮಾಡಿದ ನಿಯಮ. ಅವಳು ತನ್ನ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ಎರಡೂ ಕೈಯಿಂದ ಹಾರನ್ ಒತ್ತಿದಳು. ಬಿಡಲೇ ಇಲ್ಲ. ಡ್ಯೂಟಿ ಮುಗಿಸಿ ಹೊರಟಿದ್ದ ನರ್ಸುಗಳು ಯಾಕೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಹೇಮಚಂದ್ರ ಪಾರ್ಕಿಂಗಿನ ನಡುವೆ, ಕೆಸರಿನ ಬೂಟಿನಲ್ಲಿ, ಮಗಳ ಕೈ ಹಿಡಿದು ಕುಣಿದ.

ಕರಾರಿಗೆ ಸಹಿ ಬಿದ್ದದ್ದು ಜುಲೈ ಆರಂಭದಲ್ಲಿ. ಮುಂದಿನ ಸೋಮವಾರ ಒಂಬತ್ತಕ್ಕೆ ಐದು ನಿಮಿಷ ಮುಂಚೆಯೇ ಅವನು ಕಚೇರಿ ಸೇರಿದ. ಹಿಂದಿನ ಕೋಣೆಯಲ್ಲಿ ಅವನಿಗೊಂದು ಮೇಜು, ಮೇಜಿನ ಸುತ್ತ ಎದೆಯೆತ್ತರಕ್ಕೆ ಹಳೆಯ ಕ್ರಯಪತ್ರಗಳ ಪೆಟ್ಟಿಗೆಗಳು. "ಯಾವುದು ಯಾರದ್ದು ಅಂತ ಪಟ್ಟಿ ಮಾಡಬೇಕು. ನಾನು ಈ ಕಚೇರಿಗೆ ಬಂದಾಗಿನಿಂದ ಯಾರೂ ಮಾಡಿಲ್ಲ," ಎಂದು ಫಿನ್‌ಬಾರ್ ಬಾಗಿಲಲ್ಲೇ ನಿಂತು ಹೇಳಿದರು. ಹೇಮಚಂದ್ರ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತೋಳು ಮಡಚಿ, ಮೊದಲ ಪೆಟ್ಟಿಗೆಯ ದಾರ ಬಿಚ್ಚಿದ.